ಮುಷ್ಟಿಗೆ ದೊಡ್ಡದು, ಮೈಗೆ ಚಿಕ್ಕದು!

ದುರ್ಗದ ಕೋಟೆ ನೋಡಲು ಬಂದವರು ಒನಕೆ ಓಬವ್ವನ ಕಿಂಡಿಯ ಮುಂದೆ ನಿಂತು ಕೇಳುವ ಪ್ರಶ್ನೆ ಒಂದೇ. "ಅಲ್ರೀ, ಇಷ್ಟೇ ಇಷ್ಟು ಸಂದಿನಲ್ಲಿ ಹೈದರಾಲಿಯ ಸಿಪಾಯಿಗಳು ನುಸುಳಿದ್ದು ಹೇಗ್ರೀ?" ಒಬ್ಬೊಬ್ಬರಾಗಿ, ಮೈ ಕುಗ್ಗಿಸಿಕೊಂಡು ನುಸುಳಿದರು, ಒನಕೆಗೆ ತಲೆ ಕೊಟ್ಟರು. ಆ ಕತೆ ಇಲ್ಲಿ ಮಕ್ಕಳಿಗೂ ಗೊತ್ತು.

ಅದೇ ಕೋಟೆಯ ಗೋಡೆಯನ್ನು ಜ್ಯೋತಿರಾಜ್ ಬರಿಗೈಲಿ ಸರಸರನೆ ಏರುವುದನ್ನೂ ಜನ ಬಾಯಿ ಬಿಟ್ಟುಕೊಂಡು ನೋಡಿದ್ದಾರೆ. ಅಲ್ಲಿ ಕಲ್ಲು ಕಲ್ಲಿನ ನಡುವೆ ಬೆರಳಿಗೆ ಹಿಡಿತ ಸಿಗುತ್ತದೆ.

ಮೈ ತೂರುವಷ್ಟು ಕಿಂಡಿಯಿದ್ದರೆ ನುಸುಳಬಹುದು. ಬೆರಳು ಕಚ್ಚುವಷ್ಟು ಸಂದು ಇದ್ದರೆ ಏರಬಹುದು. ಎರಡೂ ಅಲ್ಲದ ಸಂದು ಎದುರಾದರೆ? ಮುಷ್ಟಿ ಕಟ್ಟಿ ತುರುಕಿದರೂ ಲೊಡಲೊಡ. ಮೈ ತೂರಿಸೋಣವೆಂದರೆ ಭುಜ ಹಿಡಿಸುವುದಿಲ್ಲ. ಸುಮಾರು 4 ಅಂಗುಲದಿಂದ 10 ಅಂಗುಲದವರೆಗಿನ ಈ ತ್ರಿಶಂಕು ಅಳತೆಯ ಬಿರುಕಿಗೆ ಬಂಡೆ ಏರುವವರು ಇಟ್ಟ ಹೆಸರು 'ಆಫ್‌ವಿಡ್ತ್'. ಅಳತೆ ತಪ್ಪಿದ ಅಗಲ ಎಂದುಕೊಳ್ಳಿ. ಎಂಥೆಂಥಾ ಶೂರರೂ ಇದಕ್ಕೆ ದೂರದಿಂದಲೇ ಕೈಮುಗಿಯುತ್ತಾರೆ.

ಕೋಳಿ ರೆಕ್ಕೆಯ ಪಟ್ಟು

ಇಲ್ಲಿ ತೋಳಿನ ಬಲ ಒಂದೇ ಸಾಲದು. ಇಡೀ ಮೈಯನ್ನೇ ಬೆಣೆ ಮಾಡಿ ಬಂಡೆಗೆ ಸಿಕ್ಕಿಸಬೇಕು.

ಮೊದಲ ಪಟ್ಟು ತೋಳಿನದು. ಸಂದಿನೊಳಗೆ ತೋಳು ತೂರಿಸಿ ಅಂಗೈಯಿಂದ ಒಂದು ಗೋಡೆಯನ್ನು ಒತ್ತಬೇಕು, ತೋಳಿನ ಹಿಂಭಾಗ ಎದುರು ಗೋಡೆಗೆ ಆನಬೇಕು. ಸಂದು ಇನ್ನೂ ಅಗಲವಾದರೆ ಮೊಣಕೈ ಮಡಚಿ ಒಳಕ್ಕೆ ತೂರಿಸುವುದು. ನೋಡಲು ಥೇಟ್ ಕೋಳಿ ರೆಕ್ಕೆ. ಇಂಗ್ಲಿಷಿನಲ್ಲೂ ಅದರ ಹೆಸರು 'ಚಿಕನ್ ವಿಂಗ್' ಎಂದೇ! ಕಾಲಿಗೆ ಇನ್ನೊಂದು ಪಟ್ಟು. ಹಿಮ್ಮಡಿ ಒಂದು ಗೋಡೆಗೆ, ಪಾದದ ತುದಿ ಎದುರು ಗೋಡೆಗೆ. ಪಾದ ತಿರುಚಿ ಬಿಗಿದರೆ ಬೆಣೆ ಹೊಡೆದ ಹಾಗೆ.

ಒಂದು ಮುಷ್ಟಿ ಸಾಲದ ಕಡೆ ಎರಡೂ ಕೈ ಒಟ್ಟಿಗೆ ಜೋಡಿಸಿ ತುರುಕುವುದುಂಟು. ತೊಡಕು ಶುರುವಾಗುವುದೇ ಅಲ್ಲಿ. ಎರಡು ಕೈಯೂ ಸಿಕ್ಕಿಕೊಂಡ ಮೇಲೆ ಮೇಲಕ್ಕೆ ಹೋಗುವುದು ಯಾವ ಕೈಯಿಂದ? ಈ ಒಗಟು ಬಿಡಿಸಿದವರು ಅಮೆರಿಕದ ರ‍್ಯಾಂಡಿ ಲೆವಿಟ್ ಮತ್ತು ಟೋನಿ ಯಾನಿರೋ. ಮೊಣಕಾಲು ಸಂದಿನೊಳಗೆ ತುರುಕಿ ಮಡಚಿದರೆ ಮೈಭಾರವೆಲ್ಲ ಕಾಲಿನ ಮೇಲೆ ನಿಲ್ಲುತ್ತದೆ. ಆಗ ಎರಡು ಕೈಯನ್ನೂ ಬಿಡಿಸಿ ಮೇಲೆ ಜೋಡಿಸಿಕೊಳ್ಳಬಹುದು. ಮತ್ತೆ ಕಾಲು, ಮತ್ತೆ ಕೈ. ಕಂಬಳಿ ಹುಳುವಿನ ನಡಿಗೆ!

ಚರ್ಮ ಕಿತ್ತು ಬರುವುದು ಖಾತ್ರಿ. ಅದಕ್ಕೇ ತುಂಬುತೋಳಿನ ಅಂಗಿ, ದಪ್ಪನೆಯ ಪ್ಯಾಂಟು, ಹರಡು ಮುಚ್ಚುವ ಶೂ, ಬೆರಳ ಗೆಣ್ಣಿಗೆಲ್ಲ ಅಂಟುಪಟ್ಟಿ.

ಬಿದ್ದರೆ ಹಿಡಿಯುವುದು ಯಾವುದು?

ಸೊಂಟಕ್ಕೆ ಹಗ್ಗ ಇರುತ್ತದೆ, ನಿಜ. ಆದರೆ ಹಗ್ಗವನ್ನು ಬಂಡೆಗೆ ಸಿಕ್ಕಿಸಲು ಏನಾದರೂ ಬೇಕಲ್ಲ? ಸಣ್ಣ ಬಿರುಕಿಗೆ ಸಣ್ಣ ಬೆಣೆ ಸಾಕು. ಅಗಲ ಬಿರುಕಿಗೆ ಬಹುಕಾಲ ಸರಿಯಾದ ಸಾಮಾನೇ ಇರಲಿಲ್ಲ. ಮಡಚಿದ ಅಲ್ಯೂಮಿನಿಯಂ ತಗಡಿನ ದೊಡ್ಡ ಬೆಣೆಯೊಂದಿತ್ತು. ಸುತ್ತಿಗೆಯಿಂದ ಹೊಡೆದರೆ ಗಂಟೆಯಂತೆ ಸದ್ದು ಮಾಡುತ್ತಿದ್ದುದರಿಂದ ಅದಕ್ಕೆ 'ಬಾಂಗ್' ಎಂದೇ ಹೆಸರಾಯಿತು. ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಯಲ್ಲಿ ಚಕ್ ಪ್ರ್ಯಾಟ್ 1961ರಲ್ಲಿ 'ಕ್ರ್ಯಾಕ್ ಆಫ್ ಡೂಮ್', 1965ರಲ್ಲಿ 'ಟ್ವಿಲೈಟ್ ಝೋನ್' ಎಂಬ ಬಿರುಕುಗಳನ್ನು ಏರಿದ್ದು ಆ ಕಾಲದಲ್ಲಿ. ಕೈ ತಪ್ಪಿದರೆ ಗತಿ ದೇವರೇ!

1978ರಲ್ಲಿ ರೇ ಜಾರ್ಡೀನ್ ಎಂಬಾತ ರೂಪಿಸಿದ 'ಫ್ರೆಂಡ್' ಮಾರುಕಟ್ಟೆಗೆ ಬಂತು. ಸುತ್ತಿಗೆ ಬೇಡ. ಕುದುರೆ ಎಳೆದರೆ ಅದರ ಅಲ್ಯೂಮಿನಿಯಂ ಹಲ್ಲೆಗಳು ಮುದುಡುತ್ತವೆ, ಬಿಟ್ಟರೆ ಅರಳಿ ಬಂಡೆಗೆ ಒತ್ತುತ್ತವೆ. ಹಗ್ಗ ಜಗ್ಗಿದಷ್ಟೂ ಹಿಡಿತ ಹೆಚ್ಚು. ಮುಂದೆ ಇದೇ ಬಗೆಯ ಸಾಮಾನು ದೊಡ್ಡ ಸೈಜಿನಲ್ಲೂ ಬಂತು.

ಇನ್ನೂ ಅಗಲಕ್ಕೆ? ಅಮೆರಿಕದ ಕ್ರೇಗ್ ಲ್ಯೂಬೆನ್ ಎಂಜಿನಿಯರಿಂಗ್ ಓದುವಾಗಲೇ ಒಂದು ಕೊಳವೆ ತಯಾರಿಸಿದರು. ಛತ್ರಿ ಕಡ್ಡಿಯಂತೆ ಒಂದರೊಳಗೊಂದು ಸೇರುವ ಎರಡು ಕೊಳವೆ, ಒಳಗೆ ಸ್ಪ್ರಿಂಗು. ಸಂದಿನಲ್ಲಿಟ್ಟು ಬಿಟ್ಟರೆ ಎರಡು ಗೋಡೆಗೂ ಚಾಚಿ ನಿಲ್ಲುತ್ತದೆ. ಮೇಲಿನ ಬಳೆ ತಿರುಗಿಸಿ ಬಿಗಿದರೆ ಮುಗಿಯಿತು. 'ಬಿಗ್ ಬ್ರೋ' ಎಂಬ ಈ ದೊಡ್ಡಣ್ಣ 12 ಅಂಗುಲದ ಸಂದಿಗೂ ಆಗುತ್ತಾನೆ. ಆದರೆ ಒಂದು ಕೈ, ಒಂದು ಮೊಣಕಾಲಿನಲ್ಲಿ ನೇತಾಡುತ್ತಾ ಇನ್ನೊಂದು ಕೈಲಿ ಇಷ್ಟೆಲ್ಲ ಮಾಡಬೇಕು. ಓರೆಯಾಗಿ ಕೂತರೆ ಜಾರಿ ಬರುವ ಭಯ ಬೇರೆ.

ಮನೆ ಕೆಳಗಿನ ಬೆಟ್ಟ

ಇಂಗ್ಲೆಂಡಿನ ಶೆಫೀಲ್ಡ್ ಎಂದರೆ ಹಳೇ ಅಂಗಡಿಯವರಿಗೆ ಚಾಕು ಕತ್ತರಿ ನೆನಪಾದೀತು. ಆ ಊರಿನ ಟಾಮ್ ರ‍್ಯಾಂಡಲ್ ಮತ್ತು ಆತನ ಜೊತೆಗಾರ ಪೀಟ್ ವಿಟೇಕರ್ ಅವರ ಕಣ್ಣು ಬಿದ್ದದ್ದು ಅಮೆರಿಕದ ಯೂಟಾ ಮರುಭೂಮಿಯ 'ಸೆಂಚುರಿ ಕ್ರ್ಯಾಕ್' ಮೇಲೆ. ಅದು ಗೋಡೆಯಲ್ಲಿರುವ ಬಿರುಕಲ್ಲ, ಮುಂಚಾಚಿದ ಬಂಡೆಯ ಸೂರಿನಲ್ಲಿರುವ ಬಿರುಕು. ಉದ್ದ ಸುಮಾರು 120 ಅಡಿ. ಮೂರು ಬಸ್ಸು ಸಾಲಾಗಿ ನಿಲ್ಲಿಸಿದಷ್ಟು ದೂರ ಬಾವಲಿಯಂತೆ ತಲೆಕೆಳಗಾಗಿ ಹೋಗಬೇಕು!

ಅಂಥ ಬಿರುಕು ಶೆಫೀಲ್ಡಿನಲ್ಲಿ ಎಲ್ಲಿಂದ ಬರಬೇಕು? ರ‍್ಯಾಂಡಲ್ ಮನೆಯ ನೆಲಮಾಳಿಗೆಯಲ್ಲೇ ಮಾಡಿಕೊಂಡರು. ಚಾವಣಿಯ ಕೆಳಗೆ ಮರದ ಹಲಗೆಗಳನ್ನು ಅದೇ ಅಳತೆಯ ಸಂದು ಬಿಟ್ಟು ಕೂರಿಸಿದರು. ನಾವು ಸರಕಿನ ಮೂಟೆ ಪೇರಿಸುವಂಥ ಜಾಗದಲ್ಲಿ ಎರಡು ವರ್ಷ ತಲೆಕೆಳಗಾಗಿ ನೇತಾಡಿ ಮೈ ಪಳಗಿಸಿದರು. ನೆರೆಹೊರೆಯವರು ನೋಡಿದ್ದರೆ "ಏನಪ್ಪಾ, ತಲೆ ಕೆಟ್ಟಿದೆಯಾ?" ಎಂದಾರು.

2011ರಲ್ಲಿ ಯೂಟಾಕ್ಕೆ ಹೋದರು. ಮೊದಲು ಸಾಮಾನನ್ನೆಲ್ಲ ಮುಂಚೆಯೇ ಬಿರುಕಿನಲ್ಲಿಟ್ಟು ದಾಟಿದರು. ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಅಷ್ಟೂ ಸಾಮಾನನ್ನು ಸೊಂಟಕ್ಕೆ ನೇತುಹಾಕಿಕೊಂಡು, ದಾರಿಯಲ್ಲೇ ಒಂದೊಂದಾಗಿ ಸಿಕ್ಕಿಸುತ್ತಾ ಮತ್ತೊಮ್ಮೆ ದಾಟಿದರು. ಈ ಜಾತಿಯ ಬಿರುಕುಗಳಲ್ಲೇ ಅತಿ ಕಠಿಣವೆಂದು ಆಗ ಹೆಸರಾದದ್ದು ಅದು. 2020ರಲ್ಲಿ ವಿಟೇಕರ್ ಬಿರುಕು ಏರುವ ವಿದ್ಯೆಯ ಮೇಲೆ ದಪ್ಪನೆಯ ಪುಸ್ತಕವನ್ನೇ ಬರೆದರು.

ಹಾಗೆಂದು ನಮ್ಮ ಹುಡುಗರು ನಾಳೆ ಕೋಟೆ ಬಂಡೆಯಲ್ಲಿ ಮೊಣಕಾಲು ತುರುಕುವುದು ಬೇಡ. ಸಿಕ್ಕಿಕೊಂಡ ಕಾಲು ಹಟದಿಂದ ಎಳೆದರೆ ಬರುವುದಿಲ್ಲ, ಗಾಬರಿಯಾದಷ್ಟೂ ಬಿಗಿಯುತ್ತದೆ. ಹಗ್ಗ, ಹೆಲ್ಮೆಟ್ಟು, ಕಲಿಸುವ ಗುರು, ಈ ಮೂರೂ ಇಲ್ಲದವರಿಗೆ ಬಂಡೆ ಮಾಫಿ ಕೊಡುವುದಿಲ್ಲ. ಆ ಇಬ್ಬರು ಮರುಭೂಮಿಗೆ ಹೋಗುವ ಮುನ್ನ ಎರಡು ವರ್ಷ ಮನೆ ಕೆಳಗೇ ಇದ್ದರು ಎಂಬುದನ್ನು ಮರೆಯಬಾರದು.