ಹಳೆಯ ಗಣಕಯಂತ್ರದಲ್ಲಿ ನಕ್ಷೆ ತಂತ್ರಾಂಶದ ಡಿಸ್ಕ್ ದೋಷ: ಮೊದಲು ಪ್ರತಿ, ಅನಂತರ ದುರಸ್ತಿ

ಚರಂಡಿ, ಸಿ.ಸಿ. ರಸ್ತೆ, ಶಾಲಾ ಕೊಠಡಿ, ಕುಡಿಯುವ ನೀರಿನ ಕೊಳವೆ ಮಾರ್ಗ ಮುಂತಾದ ಕಾಮಗಾರಿಗಳ ನಕ್ಷೆಗಳನ್ನು ಸಿದ್ಧಪಡಿಸಲು ಆಟೋಕ್ಯಾಡ್‌ನಂತಹ ತಂತ್ರಾಂಶಗಳು ಬಳಕೆಯಲ್ಲಿವೆ. ನಕ್ಷೆಯ ಆಧಾರದ ಮೇಲೆ ಅಂದಾಜು ಪಟ್ಟಿ, ಅಂದಾಜು ಪಟ್ಟಿಯ ಆಧಾರದ ಮೇಲೆ ತಾಂತ್ರಿಕ ಮಂಜೂರಾತಿ, ಆ ಬಳಿಕ ಕಾಮಗಾರಿ ಮತ್ತು ಅಳತೆ ಪುಸ್ತಕದ ದಾಖಲೆ ಎಂಬ ಕ್ರಮವಿರುವುದರಿಂದ, ನಕ್ಷೆಯ ಫೈಲ್ ನಷ್ಟವಾದಲ್ಲಿ ಸ್ಥಳದ ಅಳತೆಯನ್ನೇ ಮತ್ತೆ ಕೈಗೊಳ್ಳಬೇಕಾಗಬಹುದು. ಆರ್ಥಿಕ ವರ್ಷವು ಮಾರ್ಚ್ 31ಕ್ಕೆ ಮುಕ್ತಾಯಗೊಳ್ಳುವ ಸಮಯದಲ್ಲಿ ಇಂತಹ ವಿಳಂಬದ ಹೊರೆ ಗ್ರಾಮದ ಮೇಲೆಯೇ ಬೀಳುತ್ತದೆ. ದುರಸ್ತಿ ಕಾರ್ಯವು ಇಂಜಿನಿಯರ್ ಅಥವಾ ಗಣಕಯಂತ್ರ ನಿರ್ವಾಹಕರದ್ದಾದರೂ, ಅದು ಯಾವ ಕ್ರಮದಲ್ಲಿ ನಡೆಯಬೇಕೆಂಬುದನ್ನು ಸದಸ್ಯರು ಅರಿತಿರುವುದು ಅವಶ್ಯ.

1. ದೋಷ ಉಂಟಾಗುವ ಬಗೆ

ಹಳೆಯ ಗಣಕಯಂತ್ರಗಳ ಹಾರ್ಡ್ ಡಿಸ್ಕ್‌ನಲ್ಲಿ ನಿಮಿಷಕ್ಕೆ ಸಾಮಾನ್ಯವಾಗಿ 5400 ಅಥವಾ 7200 ಸುತ್ತು ತಿರುಗುವ ತಟ್ಟೆಗಳಿರುತ್ತವೆ. ತಟ್ಟೆಯ ಮೇಲ್ಮೈಯನ್ನು ಸೆಕ್ಟರ್ ಎಂಬ ಸಣ್ಣ ಭಾಗಗಳಾಗಿ ವಿಂಗಡಿಸಲಾಗಿರುತ್ತದೆ. ಯಾವ ಫೈಲ್ ಯಾವ ಭಾಗಗಳಲ್ಲಿದೆ ಎಂಬುದನ್ನು ತಿಳಿಸುವ ಒಂದು ವಹಿಯೂ ಅದೇ ಡಿಸ್ಕ್‌ನಲ್ಲಿರುತ್ತದೆ. ಪಂಚಾಯಿತಿಯ ಆಸ್ತಿ ವಹಿಗೂ ಸ್ಥಳದಲ್ಲಿರುವ ಆಸ್ತಿಗೂ ತಾಳೆಯಾಗದಿದ್ದಾಗ ಹೇಗೆ ಗೊಂದಲ ಉಂಟಾಗುತ್ತದೆಯೋ ಹಾಗೆಯೇ, ಬರೆಯುವ ಮಧ್ಯದಲ್ಲಿ ವಿದ್ಯುತ್ ಕಡಿತಗೊಂಡಲ್ಲಿ ಈ ವಹಿಗೂ ಫೈಲ್‌ಗೂ ತಾಳೆ ತಪ್ಪಬಹುದು. ಇದು ಲೆಕ್ಕದ ದೋಷ, ಇದನ್ನು ಸರಿಪಡಿಸಬಹುದು. ಸೆಕ್ಟರ್ ತಾನೇ ಹಾಳಾಗಿದ್ದಲ್ಲಿ ಅದು ಭೌತಿಕ ದೋಷ. ಅಂತಹ ಡಿಸ್ಕ್ ಅನ್ನು ನಂಬಿ ಮುಂದುವರಿಯುವಂತಿಲ್ಲ.

2. ಡಿಸ್ಕ್ ದೋಷದಂತೆ ತೋರುವ ಇತರ ಕಾರಣಗಳು

ಪರದೆಯ ಮೇಲೆ ದೋಷದ ಸೂಚನೆ ಬಂದ ಮಾತ್ರಕ್ಕೆ ಡಿಸ್ಕ್ ಕೆಟ್ಟಿದೆ ಎಂದು ತೀರ್ಮಾನಿಸುವಂತಿಲ್ಲ. ಈ ಕೆಳಗಿನವುಗಳನ್ನು ಪರಿಶೀಲಿಸುವುದು:

ಅ) ಜಾಗದ ಕೊರತೆ: ನಕ್ಷೆ ತಂತ್ರಾಂಶವು ಕೆಲಸದ ವೇಳೆ ಸಿ ಡ್ರೈವ್‌ನಲ್ಲಿ ತಾತ್ಕಾಲಿಕ ಫೈಲ್‌ಗಳನ್ನು ಸೃಷ್ಟಿಸುತ್ತದೆ. ನಕ್ಷೆಗಳು ಡಿ ಡ್ರೈವ್‌ನಲ್ಲಿದ್ದರೂ ಸಿ ಡ್ರೈವ್ ತುಂಬಿದ್ದಲ್ಲಿ ಕೆಲಸ ನಿಲ್ಲಬಹುದು.

ಆ) ಆವೃತ್ತಿಯ ವ್ಯತ್ಯಾಸ: ಆಟೋಕ್ಯಾಡ್ 2018ರ ನಮೂನೆಯಲ್ಲಿ ಉಳಿಸಿದ ನಕ್ಷೆಯನ್ನು 2010ರ ಆವೃತ್ತಿ ತೆರೆಯಲಾರದು. ಕಳುಹಿಸಿದವರಿಂದ ಹಳೆಯ ನಮೂನೆಯಲ್ಲಿ ಉಳಿಸಿದ ಪ್ರತಿಯನ್ನು ಪಡೆದರೆ ಸಾಕು.

ಇ) ಪೆನ್ ಡ್ರೈವ್: ನಕ್ಷೆಯನ್ನು ಪೆನ್ ಡ್ರೈವ್‌ನಿಂದಲೇ ತೆರೆದು, ಉಳಿಸುವ ಮೊದಲು ಅದನ್ನು ಹೊರತೆಗೆದಲ್ಲಿ ದೋಷ ಉಂಟಾಗುತ್ತದೆ. ನಕ್ಷೆಯನ್ನು ಗಣಕಯಂತ್ರಕ್ಕೆ ವರ್ಗಾಯಿಸಿಕೊಂಡೇ ಕೆಲಸ ಮಾಡತಕ್ಕದ್ದು.

ಈ) ಸಡಿಲ ಕೇಬಲ್: ಧೂಳು ಮತ್ತು ಅಲುಗಾಟದಿಂದ ಡಿಸ್ಕ್‌ನ ಕೇಬಲ್ ಸಡಿಲಗೊಂಡಿದ್ದರೂ ಇದೇ ಲಕ್ಷಣಗಳು ಕಂಡುಬರುತ್ತವೆ.

ಅದೇ ಫೈಲ್‌ನ ಪ್ರತಿಯನ್ನು ಅದೇ ಅಥವಾ ಹೊಸ ಆವೃತ್ತಿಯ ತಂತ್ರಾಂಶವಿರುವ ಬೇರೊಂದು ಗಣಕಯಂತ್ರದಲ್ಲಿ ತೆರೆದು ನೋಡುವುದು ಸುಲಭ ಪರೀಕ್ಷೆ. ಅಲ್ಲಿ ಸರಿಯಾಗಿ ತೆರೆದುಕೊಂಡರೆ ತೊಂದರೆ ಹಳೆಯ ಯಂತ್ರದಲ್ಲಿದೆ. ಅಲ್ಲಿಯೂ ತೆರೆಯದಿದ್ದರೆ ಫೈಲ್‌ಗೇ ಹಾನಿಯಾಗಿರುವ ಸಂಭವ ಹೆಚ್ಚು.

3. ಅನುಸರಿಸಬೇಕಾದ ಕ್ರಮ

ಮೊದಲನೆಯದಾಗಿ, ಶಂಕಿತ ಡಿಸ್ಕ್‌ಗೆ ಹೊಸದಾಗಿ ಏನನ್ನೂ ಬರೆಯಬಾರದು. ತೆರೆದಿರುವ ನಕ್ಷೆಯನ್ನು ‘ಸೇವ್ ಆ್ಯಸ್’ ಮೂಲಕ ಬೇರೆ ಹೆಸರಿನಲ್ಲಿ ಹೊರಗಿನ ಡಿಸ್ಕ್‌ಗೆ ಉಳಿಸತಕ್ಕದ್ದು.

ಎರಡನೆಯದಾಗಿ, ಎಲ್ಲ ನಕ್ಷೆಗಳನ್ನೂ ಹೊರಗಿನ ಡಿಸ್ಕ್‌ಗೆ ಪ್ರತಿ ಮಾಡತಕ್ಕದ್ದು. ಚಾಲ್ತಿ ಕಾಮಗಾರಿಗಳ ನಕ್ಷೆಗಳಿಗೆ ಆದ್ಯತೆ ನೀಡುವುದು. ಡಿಸ್ಕ್‌ನಿಂದ ಟಕ್ ಟಕ್ ಎಂಬ ಶಬ್ದ ಪುನಃ ಪುನಃ ಕೇಳಿಬಂದಲ್ಲಿ ಯಂತ್ರವನ್ನು ಕೂಡಲೇ ನಿಲ್ಲಿಸಿ ತಜ್ಞರಿಗೆ ಒಪ್ಪಿಸುವುದು. ಮತ್ತೆ ಮತ್ತೆ ಚಾಲನೆ ಮಾಡಿದಷ್ಟೂ ಹಾನಿ ಹೆಚ್ಚಾಗಬಹುದು.

ಮೂರನೆಯದಾಗಿ, ಪ್ರತಿ ದೊರೆತ ಬಳಿಕವಷ್ಟೇ ಡಿಸ್ಕ್ ಪರೀಕ್ಷೆ. ವಿಂಡೋಸ್‌ನ ಚೆಕ್‌ಡಿಸ್ಕ್ ಆದೇಶವು ‘ಎಫ್’ ಆಯ್ಕೆಯೊಂದಿಗೆ ವಹಿಯ ದೋಷಗಳನ್ನು ಸರಿಪಡಿಸುತ್ತದೆ. ‘ಆರ್’ ಆಯ್ಕೆಯೊಂದಿಗೆ ಹಾಳಾದ ಸೆಕ್ಟರ್‌ಗಳನ್ನೂ ಹುಡುಕುತ್ತದೆ. ಎರಡನೆಯದು ಇಡೀ ಡಿಸ್ಕ್ ಅನ್ನು ಓದುವುದರಿಂದ ಹಲವು ಗಂಟೆ ತೆಗೆದುಕೊಳ್ಳಬಹುದು. ಕ್ಷೀಣಿಸಿದ ಡಿಸ್ಕ್ ಈ ಶ್ರಮದಲ್ಲಿಯೇ ನಿಂತುಹೋಗಬಹುದು. ಪ್ರತಿಯನ್ನು ಮೊದಲು ಪಡೆಯಬೇಕೆನ್ನುವುದು ಈ ಕಾರಣದಿಂದಲೇ.

ನಾಲ್ಕನೆಯದಾಗಿ, ಹಾನಿಗೊಂಡ ನಕ್ಷೆಯ ದುರಸ್ತಿ. ತೆರೆಯದ ನಕ್ಷೆಗೆ ಆಟೋಕ್ಯಾಡ್‌ನ ‘ರಿಕವರ್’ ಆದೇಶವನ್ನೂ, ತೆರೆದರೂ ದೋಷ ತೋರುವ ನಕ್ಷೆಗೆ ‘ಆಡಿಟ್’ ಆದೇಶವನ್ನೂ ಬಳಸಬೇಕು. ದುರಸ್ತಿಯನ್ನು ಮೂಲದ ಮೇಲೆ ಮಾಡದೆ ಪ್ರತಿಯ ಮೇಲೆ ಮಾಡತಕ್ಕದ್ದು.

4. ಮರೆಯಲ್ಲಿರುವ ಎರಡು ಫೈಲ್‌ಗಳು

ನಕ್ಷೆಯನ್ನು ಉಳಿಸಿದಾಗಲೆಲ್ಲ ಅದರ ಹಿಂದಿನ ರೂಪವು ‘ಬಿಎಕೆ’ ಎಂಬ ಅಂತ್ಯನಾಮದೊಂದಿಗೆ ಸಾಮಾನ್ಯವಾಗಿ ಅದೇ ಫೋಲ್ಡರ್‌ನಲ್ಲಿ ಉಳಿಯುತ್ತದೆ. ಅಂತ್ಯನಾಮವನ್ನು ‘ಡಿಡಬ್ಲ್ಯೂಜಿ’ ಎಂದು ಬದಲಿಸಿದರೆ ಅದು ನಕ್ಷೆಯಾಗಿ ತೆರೆದುಕೊಳ್ಳುತ್ತದೆ. ಇದಲ್ಲದೆ, ತಂತ್ರಾಂಶವು ನಿಗದಿತ ಅಂತರದಲ್ಲಿ ತಾನಾಗಿಯೇ ಉಳಿಸುವ, ‘ಎಸ್‌ವಿ’ ಮತ್ತು ಡಾಲರ್ ಚಿಹ್ನೆಯ ಅಂತ್ಯನಾಮವುಳ್ಳ ಫೈಲ್ ತಾತ್ಕಾಲಿಕ ಫೋಲ್ಡರ್‌ನಲ್ಲಿರುತ್ತದೆ. ನಕ್ಷೆಯನ್ನು ಕ್ರಮವಾಗಿ ಮುಚ್ಚಿದಾಗ ಇದು ಅಳಿಯುತ್ತದೆ. ತಂತ್ರಾಂಶ ಹಠಾತ್ತನೆ ನಿಂತಾಗ ಉಳಿಯುತ್ತದೆ. ಇದನ್ನೂ ಅಂತ್ಯನಾಮ ಬದಲಿಸಿ ತೆರೆಯಬಹುದು.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಜಾಗ ತೆರವುಗೊಳಿಸಲೆಂದು ತಾತ್ಕಾಲಿಕ ಫೈಲ್‌ಗಳನ್ನು ಅಳಿಸುವವರು ಈ ಫೈಲ್ ಅನ್ನೂ ಅಳಿಸಿಬಿಡಬಹುದು. ಆದ್ದರಿಂದ ಮೊದಲು ಅದನ್ನು ಹುಡುಕಿ ಪ್ರತಿ ಮಾಡಿಕೊಳ್ಳಬೇಕು. ಅಲ್ಲದೆ, ‘ಬಿಎಕೆ’ ಫೈಲ್ ಮೂಲ ನಕ್ಷೆಯಿರುವ ಡಿಸ್ಕ್‌ನಲ್ಲಿಯೇ ಇರುವುದರಿಂದ, ಡಿಸ್ಕ್ ಕೆಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ. ಅದನ್ನು ಸುರಕ್ಷಿತ ಪ್ರತಿಯೆಂದು ಎಣಿಸುವಂತಿಲ್ಲ.

5. ಪಂಚಾಯಿತಿಯ ಹಂತದಲ್ಲಿ ಆಗಬೇಕಾದುದು

ಭೌತಿಕ ದೋಷವಿರುವ ಡಿಸ್ಕ್ ಅನ್ನು ಬದಲಿಸುವುದೇ ಸರಿಯಾದ ಮಾರ್ಗ. ಸಾಟಾ ಸಂಪರ್ಕವುಳ್ಳ ಹಳೆಯ ಯಂತ್ರಗಳಿಗೆ ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿ ಅಳವಡಿಸಬಹುದು. ವಿಂಡೋಸ್ 7ಕ್ಕೆ ತಯಾರಕರ ಬೆಂಬಲ 2020ರ ಜನವರಿ 14ರಂದು ಕೊನೆಗೊಂಡಿರುವುದರಿಂದ, ಅಂತಹ ಯಂತ್ರಕ್ಕೆ ವೆಚ್ಚ ಮಾಡುವ ಮುನ್ನ ಹೊಸ ಯಂತ್ರದ ಖರೀದಿಯನ್ನೂ ಹೋಲಿಸಿ ನೋಡುವುದು ಸೂಕ್ತ.

ಮಾಹಿತಿ ಹಕ್ಕು ಅಧಿನಿಯಮ, 2005ರ 4ನೇ ಪ್ರಕರಣವು ದಾಖಲೆಗಳನ್ನು ಸುವ್ಯವಸ್ಥಿತವಾಗಿ ನಿರ್ವಹಿಸುವ ಹೊಣೆಯನ್ನು ಸಾರ್ವಜನಿಕ ಪ್ರಾಧಿಕಾರಗಳ ಮೇಲಿರಿಸಿದೆ. ಡಿಸ್ಕ್ ಕೆಟ್ಟಿದೆ ಎಂಬ ಉತ್ತರದಿಂದ ಗ್ರಾಮಸ್ಥರ ಪ್ರಶ್ನೆ ಮುಗಿಯುವುದಿಲ್ಲ. ಆದುದರಿಂದ ಸದಸ್ಯರು ಸಾಮಾನ್ಯ ಸಭೆಯಲ್ಲಿ ಈ ನಾಲ್ಕು ಅಂಶಗಳನ್ನು ವಿಚಾರಿಸಬಹುದು: ಚಾಲ್ತಿ ಕಾಮಗಾರಿಗಳ ನಕ್ಷೆಗಳ ಪ್ರತಿ ಬೇರೊಂದು ಡಿಸ್ಕ್‌ನಲ್ಲಿದೆಯೇ? ಆ ಡಿಸ್ಕ್ ಅನ್ನು ಯಂತ್ರದಿಂದ ಬೇರ್ಪಡಿಸಿ ಬೀರುವಿನಲ್ಲಿ ಇಡಲಾಗಿದೆಯೇ? ಯಂತ್ರಕ್ಕೆ ಸುಸ್ಥಿತಿಯ ಯುಪಿಎಸ್ ಇದೆಯೇ? ಅನುಮೋದಿತ ನಕ್ಷೆಯ ಸಹಿ ಮಾಡಿದ ಮುದ್ರಿತ ಪ್ರತಿ ಕಾಮಗಾರಿಯ ಕಡತದಲ್ಲಿದೆಯೇ?

ಇವುಗಳಲ್ಲಿ ಯಾವುದಕ್ಕಾದರೂ ‘ಇಲ್ಲ’ ಎಂಬ ಉತ್ತರ ಬಂದಲ್ಲಿ, ಡಿಸ್ಕ್ ಕೆಡುವವರೆಗೆ ಕಾಯದೆ ಅದೇ ಸಭೆಯಲ್ಲಿ ಸೂಕ್ತ ನಿರ್ಣಯ ಕೈಗೊಳ್ಳುವುದು ಒಳಿತು.