ಇಂಡಿಕೇಟರ್ ಏಕೆ ಅವಸರಪಡುತ್ತದೆ?

ಕೋಳಿಕ್ಕೋಡಿನಿಂದ ಹೊರಟು ಬಂಡೀಪುರದ ಕಾಡು ದಾಟಿ ಬರುವ ರಾಷ್ಟ್ರೀಯ ಹೆದ್ದಾರಿ 766 ಗುಂಡ್ಲುಪೇಟೆ, ನಂಜನಗೂಡು, ಮೈಸೂರುಗಳನ್ನು ಹಾದು ಟಿ. ನರಸೀಪುರದ ಮೇಲೆ ಕೊಳ್ಳೇಗಾಲ ಸೇರುತ್ತದೆ. ಈ ದಾರಿಯಲ್ಲಿ ಕಾರು ಓಡಿಸುವವರು ಎದುರು ನೋಡಿದರೆ ಸಾಲದು, ಪಕ್ಕವನ್ನೂ ನೋಡುತ್ತಿರಬೇಕು. ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ಮುಂದೆ ತೆವಳುತ್ತಿರುತ್ತದೆ. ಸೋಮವಾರ, ಹುಣ್ಣಿಮೆ ಬಂತೆಂದರೆ ನಂಜನಗೂಡಿನ ನಂಜುಂಡೇಶ್ವರನ ದರ್ಶನಕ್ಕೆ ಹೊರಟ ಬೈಕುಗಳು ಎಡಬಲ ಎನ್ನದೆ ನುಗ್ಗುತ್ತವೆ. ನೀವು ಬಲಕ್ಕೆ, ಹಳ್ಳಿಯ ರಸ್ತೆಗೆ ತಿರುಗಲು ಇಂಡಿಕೇಟರ್ ಹಾಕಿದ್ದೀರಿ ಎನ್ನಿ. ಆ ಹೊತ್ತಿಗೆ ನಿಮ್ಮ ಹಿಂಬಾಗಿಲಿನ ಪಕ್ಕಕ್ಕೇ ಬಂದುಬಿಟ್ಟಿರುವ ಬೈಕ್ ಸವಾರನಿಗೆ ಹಿಂದಿನ ದೀಪ ಕಾಣುವುದಿಲ್ಲ, ಮುಂದಿನದಂತೂ ಇಲ್ಲವೇ ಇಲ್ಲ.

ಮಡ್‌ಗಾರ್ಡಿನ ಮೇಲೆ ಅಥವಾ ಪಕ್ಕದ ಕನ್ನಡಿಯಲ್ಲಿ ಪುಟ್ಟ ಇಂಡಿಕೇಟರ್ ಇರುವುದು ಅವನಿಗಾಗಿಯೇ. ಕಾರಿನ ಪಕ್ಕದ ಮೈಗೆ ಹೊಂದಿಕೊಂಡು ಹಿಂದಕ್ಕೆ 5 ಡಿಗ್ರಿಯಿಂದ 60 ಡಿಗ್ರಿವರೆಗಿನ ಕೋನದಲ್ಲಿ ಅದು ಕಾಣಬೇಕೆಂದು ವಾಹನ ದೀಪಗಳ ಅಂತರರಾಷ್ಟ್ರೀಯ ನಿಯಮ ಹೇಳುತ್ತದೆ. 1990ರ ದಶಕದ ಕೊನೆಯಲ್ಲಿ ಮರ್ಸಿಡಿಸ್ ಕಾರುಗಳಲ್ಲಿ ಈ ದೀಪ ಕನ್ನಡಿಗೆ ಏರಿತು, ಆಮೇಲೆ ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ಕನ್ನಡಿ ಕಾರಿನ ಮೈಯಿಂದ ಹೊರಗೆ ಚಾಚಿಕೊಂಡಿರುತ್ತದೆ, ಮಡ್‌ಗಾರ್ಡಿಗಿಂತ ಎತ್ತರದಲ್ಲೂ ಇರುತ್ತದೆ. ದೀಪ ಇಡಲು ಅದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಹಾಗಾಗಿ ಕಡಿಮೆ ಬೆಲೆಯ ಮಾಡೆಲ್ ಕೊಂಡವರು ಹೊರಗಿನ ಅಂಗಡಿಯಲ್ಲಿ ಎಲ್‌ಇಡಿ ತಂದು ಕನ್ನಡಿಗೆ ಹಾಕಿಸಿಕೊಳ್ಳುವುದರಲ್ಲಿ ಅರ್ಥವಿದೆ. ಅದು ಶೋಕಿಯಷ್ಟೇ ಎಂದು ತಳ್ಳಿಹಾಕಲು ನಾನು ಒಪ್ಪುವುದಿಲ್ಲ.

ತೊಂದರೆ ಬೇರೆ ಕಡೆ ಇದೆ. ಕನ್ನಡಿಗೆ ಎಲ್‌ಇಡಿ ಹಾಕಿಸಿದವರು ಅದೇ ಹುರುಪಿನಲ್ಲಿ ಮುಂದಿನ, ಹಿಂದಿನ ಇಂಡಿಕೇಟರ್ ಬಲ್ಬುಗಳನ್ನೂ ತೆಗೆಸಿ ಎಲ್‌ಇಡಿ ಮಾಡಿಸುತ್ತಾರೆ. ಆಗ ಟಿಕ್... ಟಿಕ್... ಎನ್ನುತ್ತಿದ್ದ ಇಂಡಿಕೇಟರ್ ಇದ್ದಕ್ಕಿದ್ದಂತೆ ಟಿಕಿಟಿಕಿಟಿಕಿ ಎಂದು ಓಡತೊಡಗುತ್ತದೆ. ಆಟೋ ಎಲೆಕ್ಟ್ರಿಷಿಯನ್ ಒಂದು ರೆಸಿಸ್ಟರ್ ಜೋಡಿಸಿ ಅದನ್ನು ತಹಬಂದಿಗೆ ತರುತ್ತಾನೆ, ಎಲ್ಲರಿಗೂ ಸಮಾಧಾನವಾಗುತ್ತದೆ. ಆದರೆ ಆ ಅವಸರದ ಸದ್ದು ರಿಲೇ ಕೆಟ್ಟಿದ್ದರಿಂದ ಬಂದದ್ದಲ್ಲ. ರಿಲೇ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು.

ಇಂಡಿಕೇಟರ್ ಮಿನುಗಿಸುವ ಆ ರಿಲೇಯ ಪುಟ್ಟ ಡಬ್ಬಿಗೆ ಫ್ಲಾಷರ್ ಎನ್ನುತ್ತಾರೆ. ಅದರೊಳಗೆ ಕರೆಂಟು ಹಾದುಹೋಗುವ ದಾರಿಯಲ್ಲಿ ಅತಿ ಕಡಿಮೆ ರೋಧವಿರುವ ಲೋಹದ ಚೂರೊಂದಿರುತ್ತದೆ. ಅದರ ರೋಧ 20 ಮಿಲಿಓಮ್ ಅಂದುಕೊಳ್ಳೋಣ. ಒಂದು ಪಕ್ಕದಲ್ಲಿ 21 ವ್ಯಾಟಿನ ಎರಡು ಬಲ್ಬು, ಮಡ್‌ಗಾರ್ಡಿನಲ್ಲಿ 5 ವ್ಯಾಟಿನದೊಂದು, ಒಟ್ಟು 47 ವ್ಯಾಟ್. 12 ವೋಲ್ಟಿನಲ್ಲಿ ಇದು ಸುಮಾರು 3.9 ಆಂಪಿಯರ್ ಎಳೆಯುತ್ತದೆ. ಆಗ ಆ ಲೋಹದ ಚೂರಿನ ಎರಡು ತುದಿಗಳ ನಡುವೆ 78 ಮಿಲಿವೋಲ್ಟ್ ಕಾಣಿಸಿಕೊಳ್ಳುತ್ತದೆ. 21 ವ್ಯಾಟಿನ ಒಂದು ಬಲ್ಬು ಸುಟ್ಟುಹೋದರೆ ಅದು 43ಕ್ಕೆ ಇಳಿಯುತ್ತದೆ. ಫ್ಲಾಷರ್ ಒಳಗಿನ ಚಿಪ್ ಈ ಎರಡರ ನಡುವೆ ಒಂದು ಗೆರೆ ಎಳೆದುಕೊಂಡಿರುತ್ತದೆ. ಆ ಗೆರೆಗಿಂತ ಕೆಳಗಿಳಿದರೆ ಬಲ್ಬು ಹೋಗಿದೆ ಎಂದು ಲೆಕ್ಕ ಹಾಕಿ, ಮಿನುಗುವ ವೇಗವನ್ನು ಸುಮಾರು ಎರಡು ಪಟ್ಟು ಮಾಡುತ್ತದೆ. ಡ್ರೈವರ್ ಸೀಟಿನಲ್ಲಿ ಕೂತವರಿಗೆ ಹಿಂದಿನ ಬಲ್ಬು ಕಾಣುವುದಿಲ್ಲವಲ್ಲ, ಅದಕ್ಕಾಗಿ ಮಾಡಿದ ಏರ್ಪಾಡು ಇದು.

ಸಂತೆಯ ತಕ್ಕಡಿಗೆ ಮೂಟೆಯೊಳಗೆ ಏನಿದೆ ಎಂಬುದು ತಿಳಿಯುವುದಿಲ್ಲ, ತೂಕವಷ್ಟೇ ತಿಳಿಯುತ್ತದೆ. ಫ್ಲಾಷರ್ ಕೂಡ ಅಷ್ಟೇ. ಅದು ಬೆಳಕನ್ನು ನೋಡುವುದಿಲ್ಲ, ಕರೆಂಟನ್ನು ತೂಗುತ್ತದೆ. ತಂತಿ ಕಾಯಿಸಿ ಬೆಳಗುವ ಬಲ್ಬು ತನಗೆ ಸಿಕ್ಕ ಶಕ್ತಿಯ ಬಹುಪಾಲನ್ನು ಶಾಖವಾಗಿ ಚೆಲ್ಲುತ್ತದೆ. 3 ವ್ಯಾಟಿನ ಎಲ್‌ಇಡಿ ಅದೇ ಕೆಲಸವನ್ನು ಮಾಡಿಬಿಡುತ್ತದೆ. ಅಂಥ ಎರಡು ಎಲ್‌ಇಡಿ ಹಾಕಿದರೆ, ಮಡ್‌ಗಾರ್ಡಿನ ಬಲ್ಬು ಸೇರಿಯೂ ಕರೆಂಟು ಒಂದು ಆಂಪಿಯರಿಗಿಂತ ಕಡಿಮೆ, ಲೋಹದ ಚೂರಿನ ಮೇಲೆ ಬರೀ 18 ಮಿಲಿವೋಲ್ಟ್. ಕಣ್ಣಿಗೆ ಝಗಝಗಿಸುವ ದೀಪ ಫ್ಲಾಷರಿನ ಲೆಕ್ಕದಲ್ಲಿ ಸತ್ತ ಬಲ್ಬು.

ಇದೇ ಲೆಕ್ಕದಿಂದ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ಹಳೆಯ ಬಲ್ಬುಗಳನ್ನು ಮುಟ್ಟದೆ, ಕನ್ನಡಿಗೆ ಮಾತ್ರ ಒಂದೂವರೆ ವ್ಯಾಟಿನ ಎಲ್‌ಇಡಿಯನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು 48.5 ವ್ಯಾಟ್ ಆಗುತ್ತದೆ. ಫ್ಲಾಷರಿಗೆ ಈ ವ್ಯತ್ಯಾಸ ತಟ್ಟುವುದೇ ಇಲ್ಲ. ನಾಳೆ ಹಿಂದಿನ ಬಲ್ಬು ಹೋದರೆ 27.5 ವ್ಯಾಟಿಗೆ ಇಳಿಯುತ್ತದೆ, ಎಚ್ಚರಿಕೆ ಮೊದಲಿನ ಹಾಗೆಯೇ ಕೇಳಿಸುತ್ತದೆ. ಕನ್ನಡಿಯ ದೀಪ ಬೇಕೆನ್ನುವವರಿಗೆ ನಾನು ಹೇಳುವುದು ಇಷ್ಟೇ: ಸೇರಿಸಿ, ಬದಲಿಸಬೇಡಿ.

ಈಗ ರೆಸಿಸ್ಟರ್ ವಿಚಾರ. ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ ಚಿನ್ನದ ಬಣ್ಣದ ಅಲ್ಯೂಮಿನಿಯಂ ಮೈಯಿರುವ 6 ಓಮ್, 50 ವ್ಯಾಟಿನದು. ಎಲ್‌ಇಡಿ ಪಕ್ಕದಲ್ಲಿ ಅದನ್ನು ಕಟ್ಟಿದರೆ 2 ಆಂಪಿಯರ್ ಕರೆಂಟು ಹೆಚ್ಚಾಗಿ ಎಳೆದು, ಹಳೆಯ ಬಲ್ಬು ಇದೆ ಎಂದು ಫ್ಲಾಷರನ್ನು ನಂಬಿಸುತ್ತದೆ. ಮೂಟೆಗೆ ಕಲ್ಲು ಸೇರಿಸಿ ತೂಕ ತೋರಿಸಿದ ಹಾಗೆ. ನಾಳೆ ಆ ಎಲ್‌ಇಡಿ ಸತ್ತರೂ ರೆಸಿಸ್ಟರ್ ಕರೆಂಟು ಎಳೆಯುತ್ತಲೇ ಇರುತ್ತದೆ, ಒಳಗೆ ಟಿಕ್ ಟಿಕ್ ಸದ್ದು ಎಂದಿನಂತೆಯೇ ಕೇಳುತ್ತದೆ. ಹಿಂದೆ ಬರುತ್ತಿರುವವರಿಗೆ ಮಾತ್ರ ಏನೂ ಕಾಣುವುದಿಲ್ಲ. ಸಾಲದ್ದಕ್ಕೆ, ಎಲ್‌ಇಡಿ ಉಳಿಸಿಕೊಟ್ಟ ವಿದ್ಯುತ್ತೆಲ್ಲ ಇಲ್ಲಿ ಶಾಖವಾಗಿ ಹೋಗುತ್ತದೆ. ಎಂಜಿನ್ ಓಡುವಾಗ ಸುಮಾರು 30 ವ್ಯಾಟ್. ಕಾರು ಕೆಟ್ಟು ನಿಂತಿದೆ, ನಾಲ್ಕೂ ಇಂಡಿಕೇಟರ್ ಹಾಕಿ ಮೆಕ್ಯಾನಿಕ್‌ಗೆ ಕಾಯುತ್ತಿದ್ದೀರಿ ಎಂದರೆ ರೆಸಿಸ್ಟರ್ ಕೈ ಸುಡುವಷ್ಟು ಕಾಯುತ್ತದೆ. ಪ್ಲಾಸ್ಟಿಕ್ ಬಂಪರಿಗೋ ವೈರಿನ ಕಟ್ಟಿಗೋ ಅದನ್ನು ಅಂಟಿಸಿದ್ದರೆ ಅದು ಕರಗಬಹುದು. ಹಾಕಲೇಬೇಕಾದರೆ ಕಾರಿನ ಕಬ್ಬಿಣದ ಮೈಗೆ ಬೋಲ್ಟ್ ಹಾಕಿ ಕೂರಿಸಬೇಕು. ಎಲ್‌ಇಡಿಗೆಂದೇ ಬರುವ ಫ್ಲಾಷರ್ ಹಾಕಿದರೆ ಶಾಖದ ತೊಂದರೆ ಇರುವುದಿಲ್ಲ. ಆದರೆ ಅದು ಸಾಮಾನ್ಯವಾಗಿ, ಏನಾದರೂ ಆಗಲಿ, ಒಂದೇ ವೇಗದಲ್ಲಿ ಮಿನುಗುತ್ತದೆ, ಬಲ್ಬು ಹೋದದ್ದನ್ನು ಹೇಳುವುದೇ ಇಲ್ಲ.

ಇತ್ತೀಚಿನ ಬಹಳಷ್ಟು ಕಾರುಗಳಲ್ಲಿ ಫ್ಲಾಷರ್ ಡಬ್ಬಿಯೇ ಇಲ್ಲ. ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಕಂಪ್ಯೂಟರ್ ದೀಪಗಳನ್ನು ನೇರವಾಗಿ ನಡೆಸುತ್ತದೆ, ಟಿಕ್ ಟಿಕ್ ಸದ್ದು ಕೂಡ ಸ್ಪೀಕರಿನಿಂದ ಬರುತ್ತದೆ. ಕೆಲವು ಕಾರುಗಳಲ್ಲಿ ದೀಪ ಆರಿದ್ದಾಗಲೂ ಈ ಕಂಪ್ಯೂಟರ್ ಕ್ಷಣಮಾತ್ರದ ಕರೆಂಟು ಬಿಟ್ಟು, ಬಲ್ಬು ಇದೆಯೇ ಎಂದು ಪರೀಕ್ಷಿಸುತ್ತಿರುತ್ತದೆ. ಟಂಗ್‌ಸ್ಟನ್ ತಂತಿ ಅಷ್ಟು ಬೇಗ ಕಾಯುವುದಿಲ್ಲವಾದ್ದರಿಂದ ಅದು ಯಾರಿಗೂ ಕಾಣುವುದಿಲ್ಲ. ಎಲ್‌ಇಡಿಗೆ ಕಾಯುವ ಕೆಲಸವೇ ಇಲ್ಲ, ಹಾಗಾಗಿ ಅದು ಮಿಣುಕ್ ಎನ್ನುತ್ತದೆ. ಇಂಡಿಕೇಟರ್ ಹಾಕದಿದ್ದರೂ ಕನ್ನಡಿಯ ದೀಪ ಮಂಕಾಗಿ ಮಿನುಗುತ್ತಿದ್ದರೆ ಕಾರಣ ಇದೇ ಇರಬಹುದು.

ಈ ವೇಗ ಎಲ್‌ಇಡಿಯ ದೊಡ್ಡ ಗುಣವೂ ಹೌದು. ತಂತಿ ಕಾದು ಪೂರ್ತಿ ಬೆಳಗಲು ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಹಿಡಿಯುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುತ್ತಿರುವ ಬೈಕು ಅಷ್ಟರಲ್ಲಿ ಮೂರು ಮೀಟರಿಗಿಂತ ಹೆಚ್ಚು ಮುಂದೆ ಬಂದಿರುತ್ತದೆ. ಎಲ್‌ಇಡಿಯಲ್ಲಿ ಆ ಮೂರು ಮೀಟರ್ ಉಳಿಯುತ್ತದೆ.

ಇನ್ನು ವೈರಿಂಗ್. ಕನ್ನಡಿ ಬಾಗಿಲಿಗೆ ಅಂಟಿಕೊಂಡಿದೆ, ಬಾಗಿಲು ದಿನಕ್ಕೆ ಹತ್ತಾರು ಸಲ ತೆರೆದು ಮುಚ್ಚುತ್ತದೆ. ಕಾರಿನ ಮೈಗೂ ಬಾಗಿಲಿಗೂ ನಡುವೆ ಕೀಲಿನ ಪಕ್ಕದಲ್ಲಿ ಸುಕ್ಕು ಸುಕ್ಕಾದ ರಬ್ಬರ್ ಕೊಳವೆಯೊಂದಿರುತ್ತದೆ. ಹೊಸ ವೈರು ಅದರೊಳಗೇ ಹಾದುಹೋಗಬೇಕು. ಆತುರದಲ್ಲಿ ಅದನ್ನು ಹೊರಗಿನಿಂದ ಎಳೆದು ಬಾಗಿಲ ಸಂದಿಯಲ್ಲಿ ಬಿಟ್ಟರೆ ಕೆಲವೇ ತಿಂಗಳಲ್ಲಿ ಪ್ಲಾಸ್ಟಿಕ್ ಜಜ್ಜಿ, ತಾಮ್ರ ಹೊರಬಂದು ಶಾರ್ಟ್ ಆಗುತ್ತದೆ. ಒಂಟಿ ಎಳೆಯ ವೈರು ಬಾಗಿ ಬಾಗಿ ಒಳಗೇ ತುಂಡಾಗುತ್ತದೆ, ಹಲವು ಎಳೆಗಳದ್ದು ಬಾಳುತ್ತದೆ. ದಾರಿಯಲ್ಲಿ ಹಳದಿ ಕವಚದ ವೈರು ಕಂಡರೆ ಅದನ್ನು ಮುಟ್ಟಬಾರದು. ಏರ್‌ಬ್ಯಾಗಿನ ವೈರಿಗೆ ಸಾಮಾನ್ಯವಾಗಿ ಆ ಬಣ್ಣ.

ಎಡಗಡೆಯ ಎಲ್‌ಇಡಿ ಎಡ ಇಂಡಿಕೇಟರಿನ ವೈರಿಗೆ, ಬಲಗಡೆಯದು ಬಲದ ವೈರಿಗೆ. ಅರ್ಥ್ ವೈರನ್ನು ಹಗುರವಾಗಿ ನೋಡುವವರೇ ಹೆಚ್ಚು. ಕನ್ನಡಿಯ ಗೂಡು ಪ್ಲಾಸ್ಟಿಕ್, ಬಾಗಿಲ ಕೀಲಿನಲ್ಲಿ ಗ್ರೀಸು ತುಂಬಿರುತ್ತದೆ. ಬಾಗಿಲ ತಗಡನ್ನು ನಂಬದೆ ಅರ್ಥ್ ವೈರನ್ನು ಕಾರಿನ ಮೈವರೆಗೆ ಒಯ್ಯುವುದು ಒಳ್ಳೆಯದು. ಹಲವು ದೀಪಗಳು ಒಂದೇ ಅರ್ಥ್ ಹಂಚಿಕೊಂಡಿರುವ ಕಡೆ ಅದು ಸಡಿಲವಾದರೆ ಕರೆಂಟು ಬೇರೆ ದೀಪದ ಮೂಲಕ ನುಸುಳಿ ಮರಳುವ ದಾರಿ ಹುಡುಕುತ್ತದೆ. ಬ್ರೇಕ್ ತುಳಿದರೆ ಇಂಡಿಕೇಟರ್ ಮಂಕಾಗಿ ಹೊತ್ತಿಕೊಳ್ಳುವ ವಿಚಿತ್ರಗಳ ಹಿಂದೆ ಬಹಳ ಸಲ ಇರುವುದು ಇದೇ. ವೈರು ಜೋಡಿಸಿದ ಕಡೆಯೆಲ್ಲ ಸೋಲ್ಡರ್ ಮಾಡಿ, ಬಿಸಿಗೆ ಕುಗ್ಗುವ ತೋಳು ತೊಡಿಸಬೇಕು. ಬರೀ ಟೇಪು ಸುತ್ತಿದರೆ ಬಿಸಿಲಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ.

ಬೈಕಿಗೂ ಎಲ್‌ಇಡಿ ಹಾಕಿಸುವವರು ಬಹಳ, ಹಾಗಾಗಿ ಒಂದು ಮಾತು. ಮೀಟರಿನಲ್ಲಿ ಎಡಬಲ ಎರಡಕ್ಕೂ ಸೇರಿ ಒಂದೇ ಸೂಚಕ ದೀಪವಿರುವ ಬೈಕಿನಲ್ಲಿ, ನಾಲ್ಕೂ ಇಂಡಿಕೇಟರನ್ನು ಎಲ್‌ಇಡಿ ಮಾಡಿದರೆ ಎಡಕ್ಕೆ ಹಾಕಿದಾಗ ಬಲದ್ದೂ ಮಿನುಗುತ್ತದೆ. ಆ ಸೂಚಕ ದೀಪ ಎಡ ಮತ್ತು ಬಲದ ವೈರುಗಳ ನಡುವೆ ಕೂತಿರುವುದೇ ಕಾರಣ. ಎಡಕ್ಕೆ ಹಾಕಿದಾಗ ಅದರ ಕರೆಂಟು ಬಲಗಡೆಯ ಬಲ್ಬುಗಳ ಮೂಲಕ ಅರ್ಥ್ ಸೇರುತ್ತಿತ್ತು. 21 ವ್ಯಾಟಿನ ಬಲ್ಬು ಆ ಚೂರು ಕರೆಂಟಿಗೆ ಬೆಳಗುತ್ತಿರಲಿಲ್ಲ, ಎಲ್‌ಇಡಿಗೆ ಅಷ್ಟೇ ಸಾಕು. ಎರಡು ಡಯೋಡ್ ಹಾಕಿ ಸೂಚಕ ದೀಪದ ಇನ್ನೊಂದು ತುದಿಯನ್ನು ಅರ್ಥ್‌ಗೆ ಕೊಟ್ಟರೆ ಗೊಂದಲ ತೀರುತ್ತದೆ.

ಬಣ್ಣದ ವಿಷಯದಲ್ಲಿ ಚೌಕಾಸಿ ಇಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 102ನೇ ನಿಯಮದ ಪ್ರಕಾರ ಇಂಡಿಕೇಟರ್ ಆಂಬರ್ ಬಣ್ಣದ್ದಾಗಿರಬೇಕು, ನಿಮಿಷಕ್ಕೆ 60ಕ್ಕಿಂತ ಕಡಿಮೆಯಿಲ್ಲದೆ 120 ಮೀರದೆ ಮಿನುಗಬೇಕು. ನೀಲಿ, ನೇರಳೆ ದೀಪಗಳು ಅಂಗಡಿಯಲ್ಲಿ ಧಾರಾಳವಾಗಿ ಸಿಗುತ್ತವೆ, ಆದರೆ ಅವು ಇಂಡಿಕೇಟರ್ ಅಲ್ಲ. ಧನುರ್ಮಾಸದ ಬೆಳಗುಗಳಲ್ಲಿ ಕಪಿಲೆ, ಕಾವೇರಿಯ ಬಯಲುಗಳ ಮೇಲೆ ಮಂಜು ಕವಿದಾಗ ಹಳದಿ ಬೆಳಕು ಮಂಜನ್ನು ಸೀಳುತ್ತದೆ ಎಂಬ ನಂಬಿಕೆಯಿದೆ. ಆದರೆ ಮಂಜಿನ ಹನಿ ಬೆಳಕಿನ ತರಂಗಾಂತರಕ್ಕಿಂತ ಬಹಳ ದೊಡ್ಡದು, ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಸಮ ಚದುರಿಸುತ್ತದೆ. ಆಂಬರಿನ ಪ್ರಯೋಜನ ಬೇರೆ: ಬಿಳಿ ಹೆಡ್‌ಲೈಟು, ಕೆಂಪು ಬ್ರೇಕ್ ಲೈಟುಗಳ ನಡುವೆ ಅದು ಎದ್ದು ಕಾಣುತ್ತದೆ.

ಹೊಳಪು ಹೆಚ್ಚಿದಷ್ಟೂ ಒಳ್ಳೆಯದು ಎಂಬುದೂ ಸರಿಯಲ್ಲ. 2024ರ ಜುಲೈಯಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಹೆಡ್‌ಲೈಟುಗಳ ವಿರುದ್ಧ ರಾಜ್ಯದಾದ್ಯಂತ ಕಾರ್ಯಾಚರಣೆ ಮಾಡಿ ಪ್ರಕರಣ ದಾಖಲಿಸಿದರು. ಕನ್ನಡಿಯ ದೀಪ ಬೈಕ್ ಸವಾರನ ಕಣ್ಣಿಗೆ ತೀರಾ ಹತ್ತಿರ ಇರುತ್ತದೆ. ರಾತ್ರಿ ಹೊತ್ತು ಅವನ ಕಣ್ಣು ಕತ್ತಲೆ ಕಟ್ಟುವಂತಿದ್ದರೆ ಆ ದೀಪ ಹಾಕಿಸಿದ ಉದ್ದೇಶವೇ ಕೆಟ್ಟಿತು.

ಕೆಲಸ ಮುಗಿದ ಮೇಲೆ ಹಣ ಕೊಡುವ ಮುಂಚೆ ಅಂಗಡಿಯ ಮುಂದೆಯೇ ಪರೀಕ್ಷಿಸಿ. ಎಂಜಿನ್ ಚಾಲೂ ಮಾಡಿ ಎಡ ಇಂಡಿಕೇಟರ್ ಹಾಕಿ, ಗಡಿಯಾರ ನೋಡಿಕೊಂಡು ಒಂದು ನಿಮಿಷ ಎಣಿಸಿ, ಬಲಕ್ಕೂ ಹಾಗೆಯೇ ಮಾಡಿ. ಬಾಗಿಲನ್ನು ಪೂರ್ತಿ ತೆರೆದು ಮುಚ್ಚುವಾಗ ದೀಪ ತಡವರಿಸುತ್ತದೆಯೇ ನೋಡಿ. ಬ್ರೇಕ್ ತುಳಿದು, ಹೆಡ್‌ಲೈಟ್ ಹಾಕಿ, ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗಿಸಿ ನೋಡಿ. ಕೊನೆಗೆ ಎಲೆಕ್ಟ್ರಿಷಿಯನ್‌ಗೆ ಹೇಳಿ ಹಿಂದಿನ ಒಂದು ಇಂಡಿಕೇಟರ್ ಬಲ್ಬನ್ನು ಬಿಚ್ಚಿಸಿ, ಮತ್ತೆ ಆ ಕಡೆಯ ಇಂಡಿಕೇಟರ್ ಹಾಕಿ. ಅದು ಅವಸರಪಟ್ಟರೆ ಎಚ್ಚರಿಕೆಯ ಏರ್ಪಾಡು ಸರಿಯಾಗಿದೆ, ಬಲ್ಬನ್ನು ಮರಳಿ ಕೂರಿಸಿ ಹೊರಡಬಹುದು.