ಕಡತಕ್ಕೆ ಸಿಗದ ಸಂಘ: ಅರಸೀಕೆರೆಯ ತಾಂಡಾ, ಬೇಲೂರಿನ ಅಂಗಡಿಹಳ್ಳಿ

ಅರಸೀಕೆರೆಯಿಂದ ಜಾವಗಲ್, ಹಳೇಬೀಡು ಮಾರ್ಗವಾಗಿ ಬೇಲೂರಿಗೆ ಸಾಗುವ ಪ್ರವಾಸಿಗರ ಗಮನವೆಲ್ಲ ಹೊಯ್ಸಳ ಶಿಲ್ಪದ ಮೇಲಿರುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಈ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಅದು ಸಹಜವೇ. ಆದರೆ ಇದೇ ಸೀಮೆಯಲ್ಲಿ, ದೂರದಿಂದ ಬಂದು ನೆಲೆಯೂರಿದ ಎರಡು ಸಮುದಾಯಗಳ ಮನೆಮಾತುಗಳು ಇಂದಿಗೂ ಕೇಳಿಬರುತ್ತವೆ. ಅರಸೀಕೆರೆ ತಾಲ್ಲೂಕಿನ ತಾಂಡಾಗಳಲ್ಲಿ ಲಂಬಾಣಿಗರ ಗೋರ್ ಬೋಲಿ. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿ ಹಕ್ಕಿಪಿಕ್ಕಿಗಳ ವಾಗ್ರಿ. ಎರಡೂ ಕನ್ನಡದ ಕುಲಕ್ಕೆ ಸೇರಿದವಲ್ಲ. ರಾಜಸ್ಥಾನಿ, ಗುಜರಾತಿ ಭಾಷೆಗಳ ಬಂಧುಗಳು. ಎರಡಕ್ಕೂ ತಮ್ಮದೇ ಲಿಪಿಯಿಲ್ಲ. ಲಿಪಿಯಿಲ್ಲದ ಮಾತು ಊರಿಂದೂರಿಗೆ ಅಲೆದೂ ಅಳಿಯದೆ ಉಳಿದುದರಲ್ಲಿ ಹೆಣ್ಣುಮಕ್ಕಳ ಪಾಲು ದೊಡ್ಡದು.

ವಲಸೆ ಬಂದ ಸಮುದಾಯದ ಮಹಿಳೆಯರು ಪರಸ್ಪರ ಆಸರೆಗಾಗಿ ಜಾಲವೊಂದನ್ನು ಕಟ್ಟಿಕೊಳ್ಳುವುದು ಜಗತ್ತಿನ ಎಲ್ಲೆಡೆ ಕಾಣುವ ಸಂಗತಿ. ಅಮೆರಿಕಕ್ಕೆ ಹೋಗಿ ನೆಲೆಸಿದ ಗ್ರೀಕ್ ಕುಟುಂಬಗಳ ಮಹಿಳೆಯರಿಗಾಗಿ 1931ರಲ್ಲಿ ಅವರ ಆರ್ಥೊಡಾಕ್ಸ್ ಚರ್ಚಿನ ಆಶ್ರಯದಲ್ಲಿ 'ಫಿಲೋಪ್ಟೋಕೋಸ್' ಎಂಬ ಸಂಘ ಹುಟ್ಟಿತು. ಬಡವರ ಮಿತ್ರ ಎಂಬುದು ಆ ಹೆಸರಿನ ಅರ್ಥ. ಅಧ್ಯಕ್ಷೆ, ಸದಸ್ಯತ್ವ, ವಂತಿಗೆ, ಶಾಖೆ ಎಲ್ಲವೂ ಅದಕ್ಕುಂಟು. ಲಂಬಾಣಿ ಮತ್ತು ಹಕ್ಕಿಪಿಕ್ಕಿ ಮಹಿಳೆಯರ ಹಳೆಯ ಜಾಲಕ್ಕೆ ಇವಾವುವೂ ಇಲ್ಲ. ಅದು ನಡೆಯುವುದು ಹಾಡು, ಮದುವೆ, ದುಡಿಮೆಗಳ ಮೂಲಕ. ಕಡತದಲ್ಲಿ ಕಾಣಿಸದ ಕಾರಣ ಸರಕಾರಿ ಯೋಜನೆಗಳ ಕಣ್ಣಿಗೂ ಅದು ಬೀಳುವುದಿಲ್ಲ.

ಲಂಬಾಣಿಗರ ಪೂರ್ವಿಕರು ಎತ್ತಿನ ಹೇರುಗಳಲ್ಲಿ ಧಾನ್ಯ ಮತ್ತು ಉಪ್ಪು ಸಾಗಿಸುತ್ತಿದ್ದವರು. ದಖನ್ನಿಗೆ ಬಂದ ಸೇನೆಗಳಿಗೆ ದವಸ ಒದಗಿಸಿದವರೂ ಅವರೇ. ಹತ್ತೊಂಬತ್ತನೆಯ ಶತಮಾನದಲ್ಲಿ ರಸ್ತೆ, ರೈಲು ಬಂದು ಆ ವ್ಯಾಪಾರ ಕೈತಪ್ಪಿತು. ರೈಲು ಜಂಕ್ಷನ್ನಿನಿಂದಲೇ ಹೆಸರಾದ ಅರಸೀಕೆರೆಯ ಆಸುಪಾಸಿನಲ್ಲಿ ಇಷ್ಟೊಂದು ತಾಂಡಾಗಳಿರುವುದು ಇತಿಹಾಸದ ಒಂದು ವ್ಯಂಗ್ಯವೆನ್ನಬಹುದು. ತಾಂಡಾದ ನ್ಯಾಯ ಪಂಚಾಯಿತಿ ನಾಯಕ, ಕಾರಭಾರಿ ಮುಂತಾದ ಗಂಡಸರ ಕೈಯಲ್ಲಿದ್ದರೆ ಹೆಂಗಸರ ಲೋಕ ಬೇರೆಯೇ ಆಗಿತ್ತು. ಶ್ರಾವಣದ ಸುಮಾರಿಗೆ ಬರುವ ತೀಜ್ ಹಬ್ಬದಲ್ಲಿ ಮದುವೆಯಾಗದ ಹುಡುಗಿಯರು ಬುಟ್ಟಿಗಳಲ್ಲಿ ಗೋಧಿ ಬಿತ್ತಿ, ಒಂಬತ್ತು ದಿನ ನೀರೆರೆದು, ಸುತ್ತ ಕುಣಿದು, ಕಡೆಗೆ ಸಸಿಗಳನ್ನು ನೀರಿಗೆ ಬಿಡುತ್ತಾರೆ. ಅಷ್ಟೂ ದಿನ ಹಾಡುಗಳನ್ನು ಹೇಳಿಕೊಡುವವರು ಹಿರಿಯ ಹೆಂಗಸರು. ಮದುವೆಯಲ್ಲಿ ವಧು ಹಾಡಬೇಕಾದ ಅಗಲಿಕೆಯ ಹಾಡು 'ಢಾವಲೋ'. ತವರು ಬಿಡುವವಳು ಅಳುವುದನ್ನೂ ಕಲಿತು ಅಳಬೇಕು! ಹೊರಗಿನವರಿಗೆ ಇದು ವಿಚಿತ್ರವೆನಿಸೀತು. ಆದರೆ ಹಾಗೆ ಕಲಿತವಳು ಯಾವ ತಾಂಡಾಕ್ಕೆ ಸೊಸೆಯಾಗಿ ಹೋದರೂ ಅಲ್ಲಿನ ಹೆಂಗಸರ ನಡುವೆ ಅಪರಿಚಿತಳಾಗುವುದಿಲ್ಲ.

ದುಡಿಮೆಯೂ ಇದೇ ಬಗೆಯದು. ಅರಸೀಕೆರೆ ಸೀಮೆ ತೆಂಗು, ರಾಗಿಗಳ ಒಣಪ್ರದೇಶ. ಪಡುವಲಿಗೆ ಹೋದಂತೆ ಕಾಫಿಯ ಮಲೆನಾಡು. ಅರೇಬಿಕಾ ಕೊಯ್ಲು ಸಾಮಾನ್ಯವಾಗಿ ನವೆಂಬರ್‌ನಲ್ಲಿ ಮೊದಲಾದರೆ ರೋಬಸ್ಟಾ ಮುಗಿಯುವಾಗ ಮಾರ್ಚ್ ಬಂದಿರುತ್ತದೆ. ಈ ತಿಂಗಳುಗಳಲ್ಲಿ ಬಯಲುಸೀಮೆಯ ತಾಂಡಾಗಳಿಂದ ಹೆಂಗಸರು ಗುಂಪು ಕಟ್ಟಿಕೊಂಡು ತೋಟಗಳಿಗೆ ಹೋಗುವುದು ರೂಢಿ. ಜೊತೆಯಲ್ಲಿ ಹೋಗುವವರು ಅತ್ತಿಗೆ, ನಾದಿನಿ, ನೆರೆಮನೆಯವರು. ಅಂದರೆ ಜಾಲವೇ ಜಾಗ ಬದಲಿಸುತ್ತದೆ, ಹರಿಯುವುದಿಲ್ಲ.

ಅಂಗಡಿಹಳ್ಳಿಯ ಹಕ್ಕಿಪಿಕ್ಕಿಗಳ ಕಥೆ ಇದಕ್ಕಿಂತ ಜಟಿಲ. 2011ರ ಜನಗಣತಿಯಂತೆ ರಾಜ್ಯದಲ್ಲಿ ಈ ಸಮುದಾಯದವರ ಸಂಖ್ಯೆ 11,892 ಮಾತ್ರ. ಹಾಸನವಲ್ಲದೆ ಶಿವಮೊಗ್ಗ, ದಾವಣಗೆರೆ, ಮೈಸೂರು ಜಿಲ್ಲೆಗಳಲ್ಲಿಯೂ ಇವರ ವಸತಿಗಳಿವೆ. ಹೆಸರೇ ಹೇಳುವಂತೆ ಹಕ್ಕಿ ಹಿಡಿಯುವುದು ಕುಲಕಸುಬು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಅದು ಅಪರಾಧವಾಯಿತು. ಆಮೇಲೆ ಕೈಹಿಡಿದದ್ದು ಮಣಿಸರ, ಪ್ಲಾಸ್ಟಿಕ್ ಹೂ, ಗಿಡಮೂಲಿಕೆಯ ಎಣ್ಣೆಗಳ ಮಾರಾಟ. ಇತ್ತೀಚಿನ ವರ್ಷಗಳಲ್ಲಿ ದೇಶದಾದ್ಯಂತ ಪ್ರಚಾರ ಪಡೆದ 'ಆದಿವಾಸಿ ಕೇಶತೈಲ'ದ ಮೂಲ ಈ ಸಮುದಾಯವೇ. ಇವರಲ್ಲಿ ಮದುವೆಗೆ ತೆರ ಕೊಡಬೇಕಾದವನು ವರ. ಗುಜರಾತಿಯಾ, ಮೇವಾರಾ ಮೊದಲಾದ ಬಳಿಗಳ ನಡುವೆ ನಂಟು ಬೆಳೆದಂತೆ ಒಂದು ವಸತಿಯ ಹೆಣ್ಣು ಇನ್ನೊಂದು ಜಿಲ್ಲೆಯ ವಸತಿಗೆ ಕೊಂಡಿಯಾಗುತ್ತಾಳೆ.

ಎಣ್ಣೆ, ಮೂಲಿಕೆಗಳ ವ್ಯಾಪಾರ ಹಕ್ಕಿಪಿಕ್ಕಿಗಳನ್ನು ಆಫ್ರಿಕಾದವರೆಗೂ ಒಯ್ದಿದೆ. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೇನೆ ಮತ್ತು ಅರೆಸೇನಾ ಪಡೆಯ ನಡುವೆ ಕದನ ಭುಗಿಲೆದ್ದಾಗ ಅಲ್ ಫಶೀರ್ ನಗರದಲ್ಲಿ ಕರ್ನಾಟಕದ ಹಕ್ಕಿಪಿಕ್ಕಿಗಳು ಸಿಲುಕಿಕೊಂಡರು. ಅನ್ನ, ನೀರಿಗೂ ಬವಣೆಯಾಗಿದೆಯೆಂಬ ಅವರ ಮೊರೆ ಹೊರಜಗತ್ತಿಗೆ ಮುಟ್ಟಿದ್ದು ಮೊಬೈಲ್ ಫೋನಿನ ಮೂಲಕ. 'ಆಪರೇಷನ್ ಕಾವೇರಿ'ಯಲ್ಲಿ ಭಾರತ ಸರಕಾರ ಆ ದೇಶದಿಂದ ಒಟ್ಟು 3,862 ಜನರನ್ನು ಹೊರತಂದಿತು. ಅಲ್ಲಿಯವರೆಗೆ ಈ ಪುಟ್ಟ ಸಮುದಾಯದ ಜನ ಅಷ್ಟು ದೂರ ವ್ಯಾಪಾರಕ್ಕೆ ಹೋಗುತ್ತಾರೆಂಬುದೇ ರಾಜ್ಯದ ಬಹುತೇಕ ಓದುಗರಿಗೆ ಹೊಸ ಸುದ್ದಿಯಾಗಿತ್ತು.

ಇಲ್ಲಿಯೇ ತೊಡಕಿರುವುದು. ರಾಜ್ಯದಲ್ಲಿ 2000-01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆ ಹದಿನೈದು ಇಪ್ಪತ್ತು ಮಹಿಳೆಯರ ಗುಂಪುಗಳನ್ನು ಅಂಗನವಾಡಿ ಕಾರ್ಯಕರ್ತೆಯರ ನೆರವಿನಿಂದ ಕಟ್ಟಿತು. ಅದರಿಂದ ಸಾವಿರಾರು ಹಳ್ಳಿಗಳಲ್ಲಿ ಹೆಣ್ಣಿನ ಕೈಗೆ ಹಣ, ಸಭೆಯಲ್ಲಿ ಮಾತು ದೊರೆತಿರುವುದನ್ನು ಅಲ್ಲಗಳೆಯಲಾಗದು. ಆದರೆ ಸ್ವಸಹಾಯ ಗುಂಪಿನ ಯೋಗ್ಯತೆಯನ್ನು ಅಳೆಯುವ 'ಪಂಚಸೂತ್ರ'ವೆಂದರೆ ನಿಯಮಿತ ಸಭೆ, ನಿಯಮಿತ ಉಳಿತಾಯ, ಆಂತರಿಕ ಸಾಲ, ಸಕಾಲ ಮರುಪಾವತಿ, ಸಮರ್ಪಕ ಲೆಕ್ಕಪುಸ್ತಕ. ಇವೆಲ್ಲ ವರ್ಷವಿಡೀ ಒಂದೇ ಊರಿನಲ್ಲಿರುವವಳನ್ನು ಕಣ್ಣಮುಂದಿಟ್ಟುಕೊಂಡ ಸೂತ್ರಗಳು. ನಾಲ್ಕು ತಿಂಗಳು ಕಾಫಿ ತೋಟದಲ್ಲಿರುವವಳು, ಜಾತ್ರೆಯಿಂದ ಜಾತ್ರೆಗೆ ಎಣ್ಣೆಯ ಬಾಟಲಿ ಹೊತ್ತವಳು ಗೈರುಹಾಜರಿಯ ಪಟ್ಟಿಗೆ ಸೇರುತ್ತಾಳೆ. ಅತಿ ಹೆಚ್ಚು ಸಾಲದ ಅಗತ್ಯವಿರುವವಳೇ ನಿಯಮದಿಂದ ಹೊರಗುಳಿದು, ಮುಂಗಡ ಕೊಡುವ ಮೇಸ್ತ್ರಿಯ ಋಣಕ್ಕೆ ಬೀಳುವ ಸಂಭವ ಹೆಚ್ಚು.

ಇಲಾಖೆಗಳ ಗೋಡೆಯೂ ಇದೆ. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ, ಹಕ್ಕಿಪಿಕ್ಕಿಗಳು ಪರಿಶಿಷ್ಟ ಪಂಗಡ. ತಾಂಡಾಗಳಿಗೆ 2009ರಲ್ಲಿ ಪ್ರತ್ಯೇಕ ಅಭಿವೃದ್ಧಿ ನಿಗಮ ಬಂತು. ಹೀಗಾಗಿ ಒಂದೇ ಜಿಲ್ಲೆಯಲ್ಲಿ ಒಂದೇ ಬಗೆಯ ಕಷ್ಟ ಉಣ್ಣುವ ಇಬ್ಬರು ಹೆಂಗಸರು ಬೇರೆ ಬೇರೆ ಕಚೇರಿಗಳ ಮೆಟ್ಟಿಲು ಹತ್ತಬೇಕು.

ಇರುವ ಜಾಲದ ಮೇಲೆಯೇ ಸಂಸ್ಥೆ ಕಟ್ಟಿದ ಉದಾಹರಣೆ ಇಲ್ಲದಿಲ್ಲ. ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ 1984ರಲ್ಲಿ ಆರಂಭವಾದ ಕುಶಲ ಕಲಾ ಕೇಂದ್ರ ಲಂಬಾಣಿ ಮಹಿಳೆಯರ ಕಸೂತಿಯನ್ನೇ ಆಧಾರವಾಗಿಸಿಕೊಂಡಿತು. ಸಂಡೂರು ಲಂಬಾಣಿ ಕಸೂತಿಗೆ ಮುಂದೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆಯಿತು. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ವೇಳೆ 450ಕ್ಕೂ ಹೆಚ್ಚು ಮಹಿಳೆಯರ ಕೈಕೆಲಸದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ದಾಖಲೆಯ ಮಾತು ಹಾಗಿರಲಿ. ಸೂಜಿ, ದಾರ, ಬಟ್ಟೆಯ ತುಂಡನ್ನು ಗಂಟಿನಲ್ಲಿ ಕಟ್ಟಿ ಎಲ್ಲಿಗೆ ಬೇಕಾದರೂ ಒಯ್ಯಬಹುದು. ತಾಯಿ ಮಗಳಿಗೆ ಕಲಿಸಿಕೊಟ್ಟ ವಿದ್ಯೆಗೆ ಹೊಸ ತರಬೇತಿಯ ಹಂಗೂ ಇಲ್ಲ.

ಅರಸೀಕೆರೆ, ಬೇಲೂರುಗಳ ಮಟ್ಟಿಗೆ ಮಾಡಬಹುದಾದದ್ದು ಕಷ್ಟದ ಕೆಲಸವೇನಲ್ಲ. ಕೊಯ್ಲಿನ ತಿಂಗಳುಗಳಲ್ಲಿ ಸಂಘದ ಸಭೆಯನ್ನು ತೋಟದ ಲೈನ್ ಮನೆಗಳ ಬಳಿ ನಡೆಸಲು ಅವಕಾಶವಿರಬೇಕು, ದೂರದಿಂದ ಕಟ್ಟಿದ ಉಳಿತಾಯ ಹಾಜರಿಗೆ ಸಮನಾಗಬೇಕು, ಅಂಗಡಿಹಳ್ಳಿಯಲ್ಲಿ ಗುಂಪು ಕಟ್ಟುವಾಗ ಶಿವಮೊಗ್ಗದ ವಸತಿಯಲ್ಲಿರುವ ಅಕ್ಕತಂಗಿಯರನ್ನೂ ಸದಸ್ಯರೆಂದು ಒಪ್ಪಬೇಕು. ಮೂರಕ್ಕೂ ಬೇಕಿರುವುದು ಹೊಸ ಯೋಜನೆಯಲ್ಲ, ಹಾಜರಿಯ ನಿಯಮದ ತಿದ್ದುಪಡಿ.